ಬಿಸಿಯಾಗದ ಮುಕ್ತಿವಾಹನ

ಕಾದ ರೇಡಿಯೇಟರಿನ ವಾಸನೆ ಎಂದರೆ ಓಬಕ್ಕನಿಗೆ ಅಪ್ಪನ ವಾಸನೆ. ಐದಾರು ವರ್ಷದವಳಾಗಿದ್ದಾಗ ಅಪ್ಪನ ಲಾರಿಯಲ್ಲಿ ಮುಂದೆ ಕೂತು ಹೋಗುತ್ತಿದ್ದಳು. ಏರು ಹತ್ತುವಾಗ ಎಲ್ಲೋ ಒಂದು ಕಡೆ ಎಂಜಿನ್ ಕುದಿಯುತ್ತಿತ್ತು. ಅಪ್ಪ ಒದ್ದೆ ಗೋಣಿಚೀಲ ಹಿಡಿದು ಮುಚ್ಚಳ ತಿರುಗಿಸಿ ಹಿಂದಕ್ಕೆ ಜಿಗಿಯುತ್ತಿದ್ದ. ಬುಸ್ಸೆಂದು ಏಳುವ ಹಬೆಯಲ್ಲಿ ತುಕ್ಕುನೀರು, ಬೆಂದ ರಬ್ಬರು, ಕಾದ ಕಬ್ಬಿಣ ಎಲ್ಲ ಬೆರೆತು ಒಂದು ಬಗೆಯ ಸಿಹಿ ವಾಸನೆ ಹರಡುತ್ತಿತ್ತು. “ಗಾಡಿಗೆ ಬಾಯಾರಿಕೆ ಆಗೈತೆ ಮಗಾ, ನೀರು ತಾ,” ಎನ್ನುತ್ತಿದ್ದ ಅಪ್ಪ.

ಅದಾಗಿ ಐವತ್ತು ವರ್ಷ ಕಳೆದು, ಇಸವಿ ಎರಡು ಸಾವಿರದ ಅರವತ್ತೊಂದರ ಬೇಸಿಗೆಯಲ್ಲಿ, ಹಿರೇಕಟ್ಟೆ ಪಟ್ಟಣದ ಹೊಗೆತೋರಣದ ಕೆಳಗೆ ಗಾಡಿ ನಿಲ್ಲಿಸಿಕೊಂಡು ಕೂತಿದ್ದ ಓಬಕ್ಕನಿಗೆ ಆ ವಾಸನೆ ಒಮ್ಮೆ ಬಂದರೆ ಸಾಕು ಎನಿಸಿತ್ತು. ಅವಳ ಗಾಡಿಗೆ ಈಗ ಬಂದಿದ್ದ ರೋಗ ಅಪ್ಪನ ಲಾರಿಯ ರೋಗಕ್ಕೆ ತದ್ವಿರುದ್ಧ. ಅದು ಬಿಸಿಯೇ ಆಗುತ್ತಿರಲಿಲ್ಲ.

ತೋರಣ ನೀಲಿ ಬೆಳಕು ಚೆಲ್ಲಿ ಗಾಡಿಯನ್ನು ಮುಂದಿನಿಂದ ಹಿಂದಿನವರೆಗೆ ಮೂಸಿತು. ಆಮೇಲೆ ಮದುವೆಮನೆಯಲ್ಲಿ ಸ್ವಾಗತ ಕೋರುವಂಥ ದನಿಯಲ್ಲಿ ಹೇಳಿತು:

“ವಂದನೆಗಳು. ವಾಹನ, ಮುಕ್ತಿವಾಹನ. ಇಂಧನ, ಹೊಂಗೆಯೆಣ್ಣೆ. ಹೊಗೆ ಮಿತಿಯೊಳಗಿದೆ. ಆದರೆ ದೋಷಸಂಖ್ಯೆ ನೂರ ಇಪ್ಪತ್ತೆಂಟು. ಎಂಜಿನ್ ಸಕಾಲದಲ್ಲಿ ಬಿಸಿಯಾಗಿಲ್ಲ. ಅನುತ್ತೀರ್ಣ. ನಗುನಗುತ್ತ ಸಾಗಿರಿ.”

ತೋರಣದ ಗುಮಾಸ್ತ ನಾಗಭೂಷಣ ಕಿಟಕಿಯಿಂದ ತಲೆ ಹೊರಹಾಕಿದ. “ಹನ್ನೊಂದನೇ ಸಲ ಕಣಕ್ಕ.”

“ಲೆಕ್ಕ ಇಡಾಕೆ ನಿಂಗೆ ಸಂಬಳ. ನಂಗೇನು ಮಾಡು ಅಂತೀಯ?”

“ನಂದೇನೈತೆ? ಮಿಷಿನ್ ಹೇಳಿದ್ದು. ಇವತ್ತು ಸಂಜೆ ಆರರೊಳಗೆ ಹನ್ನೆರಡನೇದು. ಅದ್ರಾಗೂ ತಪ್ಪಿದ್ರೆ ಎಂಜಿನ್‌ಗೆ ಬೀಗ ಬೀಳ್ತದೆ. ನಾಳೆ ಗುಜರಿ.” ಆಮೇಲೆ, “ನೀರಾದ್ರೂ ಕುಡಿ, ಬಿಸಿಲೈತೆ,” ಎಂದು ತಂಬಿಗೆ ಚಾಚಿದ.

ಸುತ್ತಿನ ಹದಿನಾಲ್ಕು ಹಳ್ಳಿಗೂ ಈ ಪಟ್ಟಣಕ್ಕೂ ಇದ್ದುದು ಇದೊಂದೇ ಮುಕ್ತಿವಾಹನ. ಇದು ಗುಜರಿಗೆ ಹೋದರೆ ಯಾರೂ ಇಲ್ಲದವರ ಹೆಣವನ್ನು ಸಾಗಿಸುವವರು ಇರಲಿಲ್ಲ. ಗಂಡ ತೀರಿಕೊಂಡ ಮಾರನೆಯ ದಿನ, ಅವನನ್ನು ಇದೇ ಗಾಡಿಯಲ್ಲಿ ರುದ್ರಭೂಮಿಗೆ ಬಿಟ್ಟುಬಂದು, ಓಬಕ್ಕ ಸ್ಟೇರಿಂಗು ಹಿಡಿದಿದ್ದಳು. ಅದಾಗಿ ಈಗ ಹತ್ತೊಂಬತ್ತು ವರ್ಷವಾಗಿತ್ತು.

ಈ ದೋಷದ ಹುಟ್ಟನ್ನು ತಿಳಿಯಬೇಕಾದರೆ ಎರಡು ಇಲಾಖೆಗಳ ಕಥೆ ತಿಳಿಯಬೇಕು. ಬೇಸಿಗೆ ನಲವತ್ತೆಂಟು ಡಿಗ್ರಿ ಮುಟ್ಟಿ ರಸ್ತೆಯ ಮೇಲೆ ಹಳೆಯ ಎಂಜಿನ್ನುಗಳು ಹೊತ್ತಿ ಉರಿಯತೊಡಗಿದಾಗ ತಂಪು ಇಲಾಖೆ ಹುಟ್ಟಿತು. ಅದು ಉಳಿದಿದ್ದ ಎಲ್ಲ ಹಳೆಯ ಗಾಡಿಗಳಿಗೂ ದೊಡ್ಡ ರೇಡಿಯೇಟರು, ಎರಡು ಫ್ಯಾನು, ಹೊಸ ತಂಪುದ್ರವ ಕಡ್ಡಾಯ ಮಾಡಿತು. ಎಂಜಿನ್ನಿನೊಳಗೆ ಉಷ್ಣದ್ವಾರ ಎಂಬ ಪುಟ್ಟ ಕದವೊಂದಿರುತ್ತದೆ. ನೀರು ಸಾಕಷ್ಟು ಕಾಯುವವರೆಗೆ ಅದು ಮುಚ್ಚಿಕೊಂಡಿದ್ದು, ಕಾದ ಮೇಲೆ ತೆರೆದು ನೀರನ್ನು ರೇಡಿಯೇಟರಿಗೆ ಬಿಡುತ್ತದೆ. ಅಪಾಯವೇ ಬೇಡವೆಂದು ಇಲಾಖೆ ಆ ಕದವನ್ನು ಸದಾ ತೆರೆದಿರುವಂತೆ ಮಾಡಿಸಿತು. ಗಾಡಿಗಳು ಉರಿಯುವುದು ನಿಂತಿತು. ಇಲಾಖೆಗೆ ಪ್ರಶಸ್ತಿ ಬಂತು.

ಅದೇ ಹೊತ್ತಿಗೆ ಹೊಗೆ ಇಲಾಖೆಯವರು, ತಣ್ಣಗಿರುವ ಎಂಜಿನ್ನು ಹೆಚ್ಚು ಕೊಳಕು ಗಾಳಿ ಬಿಡುತ್ತದೆಂದು ಕಂಡುಹಿಡಿದು, ಊರೂರಿನ ರಸ್ತೆಗೆ ಅಡ್ಡಲಾಗಿ ತೋರಣಗಳನ್ನು ನಿಲ್ಲಿಸಿದರು. ತೋರಣ ಹೊಗೆಯನ್ನು ಮೂಸುವುದಷ್ಟೇ ಅಲ್ಲ, ಎಂಜಿನ್ನಿನ ನೆನಪನ್ನೂ ಓದುತ್ತದೆ. ಎಂಜಿನ್ನು ತೊಂಬತ್ತು ಡಿಗ್ರಿಗೆ ಏರಿ, ನಲವತ್ತು ನಿಮಿಷದ ಒಂದು ಓಟವನ್ನು ನಿಲ್ಲದೆ ಮುಗಿಸಿದ ನೆನಪು ಅದರಲ್ಲಿರಬೇಕು. ಈ ಓಟಕ್ಕೆ ಬಿಸಿಯಾತ್ರೆ ಎಂದು ಹೆಸರು. ಇಲಾಖೆಗೆ ಪ್ರಶಸ್ತಿ ಬಂತು. ಎರಡು ಪ್ರಶಸ್ತಿಗಳನ್ನೂ ಒಂದೇ ವೇದಿಕೆಯ ಮೇಲೆ, ಒಬ್ಬರೇ ಮಂತ್ರಿ ಕೊಟ್ಟರು.

ಮೆಕ್ಯಾನಿಕ್ ಇಮಾಮಣ್ಣ ತಾತನ ಕಾಲದ ಉಪಾಯ ಮಾಡಿ, ರೇಡಿಯೇಟರಿಗೆ ಗಾಳಿ ತಾಗದಂತೆ ರಟ್ಟು ಕಟ್ಟಿಕೊಟ್ಟಿದ್ದ. ತೋರಣ ಅದನ್ನೂ ಮೂಸಿತ್ತು. “ದೋಷಸಂಖ್ಯೆ ನೂರ ಇಪ್ಪತ್ತೊಂಬತ್ತು. ರಟ್ಟು ಪತ್ತೆಯಾಗಿದೆ.”

ಆ ಮಧ್ಯಾಹ್ನ ರಾಜಧಾನಿಯಿಂದ ಡಾಕ್ಟರ್ ಶ್ರೀವತ್ಸ ಬಂದಿಳಿದರು. ತೋರಣವನ್ನು ಕಂಡುಹಿಡಿದವರು ಇವರೇ. ನಲವತ್ತರ ಆಸುಪಾಸಿನ ಸಣ್ಣ ಆಳು. ಕಂಕುಳಲ್ಲಿ ದಪ್ಪ ರಟ್ಟಿನ ಫೈಲು. ಇಡೀ ರಾಜ್ಯದಲ್ಲಿ ಹನ್ನೊಂದು ಸಲ ಅನುತ್ತೀರ್ಣವಾದ ಗಾಡಿ ಇದೊಂದೇ ಎಂದು ಅವರಿಗೆ ಕುತೂಹಲ.

“ಅಮ್ಮಾ, ಈ ವಾಹನ ದಿನಕ್ಕೆ ಎಷ್ಟು ಕಿಲೋಮೀಟರ್ ಓಡುತ್ತೆ?”

“ಯಾರಾದ್ರೂ ಸತ್ರೆ ಓಡ್ತದೆ ಸಾರ್.”

“ಸರಾಸರಿ ವೇಗ?”

“ಮುಂದೆ ತಮಟೆಯೋರು ನಡೀತಾರಲ್ಲ, ಅವರ ವೇಗ.”

ಡಾಕ್ಟರು ಬರೆದುಕೊಳ್ಳುತ್ತಿದ್ದ ಕೈಯನ್ನು ತಡೆದರು. “ಅಲ್ಲಮ್ಮ, ಅರವತ್ತರ ವೇಗದಲ್ಲಿ ಒಮ್ಮೆ ನಲವತ್ತು ನಿಮಿಷ ಓಡಿಸಿಬಿಟ್ಟರೆ ಮುಗಿಯಿತಲ್ಲ. ಯಾಕೆ ಓಡಿಸಲಿಲ್ಲ?”

“ಬಚ್ಚಲ ಒಲೆ ಆರಿಸಿ, ಹಂಡೆ ಮುಚ್ಚಳ ತೆಗೆದು, ನೀರು ಯಾಕೆ ಕಾಯ್ಲಿಲ್ಲ ಅಂತ ಕೇಳ್ದಂಗಾಯ್ತು. ಓಡ್ಸಿದೀನಿ ಸಾರ್, ಓಡಾಕೆ ಜನ ಬಿಡಲ್ಲ. ಬೇಕಿದ್ರೆ ನೀವೇ ಬಂದು ಕೂತು ನೋಡಿ.”

“ಬರ್ತೀನಿ ನಡೀರಿ,” ಎಂದರು ಡಾಕ್ಟರು. ಹತ್ತುವ ಮುಂಚೆ ಆಚೀಚೆ ನೋಡಿ, ಫೈಲಿನ ಕಾಗದವನ್ನೆಲ್ಲ ತೆಗೆದು ಜೇಬಿಗೆ ತುರುಕಿಕೊಂಡು, ರಟ್ಟನ್ನು ರೇಡಿಯೇಟರಿನ ಮುಂದೆ ಸಿಕ್ಕಿಸಿದರು.

“ಮಿಷಿನ್ ಹಿಡಿಯಲ್ವಾ ಸಾರ್?”

“ಇದರ ಮೇಲೆ ಇಲಾಖೆಯ ಮುದ್ರೆ ಇದೆ. ಇಲಾಖೆಯ ರಟ್ಟನ್ನು ದೋಷವೆಂದು ಗುರುತಿಸಲು ನಾನು ಅದಕ್ಕೆ ಕಲಿಸಿಲ್ಲ.”

ಓಬಕ್ಕನಿಗೆ ಆ ಮನುಷ್ಯ ಸ್ವಲ್ಪ ಹಿಡಿಸಿದ.

ಊರಾಚೆಯ ನೇರ ರಸ್ತೆಯಲ್ಲಿ ಗಾಡಿ ಅರವತ್ತಕ್ಕೆ ಏರಿತು. ಡಾಕ್ಟರು ಕೈಯಲ್ಲಿದ್ದ ಪುಟ್ಟ ಪರದೆಯಲ್ಲಿ ಡಿಗ್ರಿ ಓದುತ್ತಿದ್ದರು. ನಲವತ್ತು, ಐವತ್ತೈದು, ಎಪ್ಪತ್ತು. ಎಪ್ಪತ್ತೊಂದಕ್ಕೆ ಸೀಗೆಮರಡಿ ಎಂಬ ಹಳ್ಳಿ ಬಂತು. ಅರಳಿಕಟ್ಟೆಯಲ್ಲಿ ಕೂತಿದ್ದ ಹತ್ತು ಜನ ಮುಕ್ತಿವಾಹನ ಕಂಡೊಡನೆ ಎದ್ದು ಚಪ್ಪಲಿ ಬಿಟ್ಟು ನಿಂತರು. ಒಬ್ಬ ಮುದುಕಿ ರಸ್ತೆಗೇ ಅಡ್ಡ ಬಂದಳು. ಓಬಕ್ಕ ಬ್ರೇಕು ತುಳಿದಳು.

“ಯಾರ್ದೇ ಓಬಿ? ಯಾವೂರೋರು?”

“ಯಾರ್ದೂ ಇಲ್ಲ ತಿಮ್ಮಜ್ಜಿ. ಖಾಲಿ ಗಾಡಿ.”

“ಖಾಲಿನಾ? ಖಾಲಿ ಗಾಡಿ ಈಪಾಟಿ ಓಡ್ಸಿಕಂಡು ಬತ್ತೀಯಲ್ಲ, ಯಾರನ್ನ ಕರಕಂಡೋಗಾಕೆ ಹೊಂಟೀಯ? ನಂಗಿನ್ನೂ ಮೊಮ್ಮಗಳ ಮದುವೆ ಐತೆ!”

“ಎಂಜಿನ್ ಬಿಸಿ ಮಾಡಾಕೆ ಅಜ್ಜಿ.”

“ಸುಡೋ ಜಾಗಕ್ಕೆ ಹೋಗೋ ಗಾಡಿಗೆ ಇನ್ನೆಂಥ ಬಿಸಿಯೇ?” ಎಂದು ಮುದುಕಿ ಗಾಡಿಯ ಸುತ್ತ ಮೂರು ಸಲ ನೀರು ಚಿಮುಕಿಸಿ ದೃಷ್ಟಿ ತೆಗೆದಳು. ಅಷ್ಟರಲ್ಲಿ ಡಿಗ್ರಿ ನಲವತ್ತೊಂಬತ್ತಕ್ಕೆ ಇಳಿದಿತ್ತು.

ಖಾಲಿ ಗಾಡಿ ಅಪಶಕುನವಾದರೆ ಒಳಗೆ ಯಾರಾದರೂ ಇರುವಂತೆ ಕಂಡರೆ ಸರಿ ಎಂದು ಡಾಕ್ಟರು ತರ್ಕ ಮಾಡಿದರು. ಹಿಂದಿನ ಗಾಜಿನ ಕೋಣೆಗೆ ಹೋಗಿ ಹೆಣ ಮಲಗಿಸುವ ಹಲಗೆಯ ಮೇಲೆ ಕೂತರು. ಓಬಕ್ಕ ಬೇಡವೆಂದರೂ ಕೇಳಲಿಲ್ಲ. ಎಪ್ಪತ್ತೊಂಬತ್ತು ಡಿಗ್ರಿಯವರೆಗೆ ತರ್ಕ ಫಲಿಸಿತು. ಕಳ್ಳಿಗುಂಟೆಯ ಹತ್ತಿರ ಒಂದು ಗುಂಡಿಗೆ ಗಾಡಿ ಎಗರಿ ಡಾಕ್ಟರು ಅಂಗಾತ ಬಿದ್ದು, ಬಿದ್ದಲ್ಲೇ ಪರದೆ ನೋಡುತ್ತ ಬೆರಳಾಡಿಸುವುದನ್ನು ಹೂವು ಕೀಳುತ್ತಿದ್ದ ಹೆಂಗಸರು ಕಂಡರು.

“ಅಯ್ಯಯ್ಯೋ, ಹೆಣ ಫೋನ್ ಒತ್ತುತೈತೆ ಕಣ್ರೇ!”

ಎಂಟು ಜನ ಅಡ್ಡ ನಿಂತರು. ಬದುಕಿರುವವನನ್ನು ಸಾಗಿಸುತ್ತಿದ್ದಾಳೆಂದು ಒಬ್ಬಳು, ಸತ್ತವನು ಎದ್ದನೆಂದು ಇನ್ನೊಬ್ಬಳು. ಡಾಕ್ಟರು ಇಳಿದು ತಮ್ಮ ಗುರುತಿನ ಚೀಟಿ ತೋರಿಸಿ ತಾವು ಜೀವಂತ ಸರ್ಕಾರಿ ನೌಕರರೆಂದು ಸಾಬೀತುಪಡಿಸಬೇಕಾಯಿತು. ಹೊರಡುವಾಗ ಒಬ್ಬಳು, ಪಾಪ ಹೆದರಿದ್ದಾನೆಂದು, ಅವರ ಕೈಗೆ ಒಂದು ಹಿಡಿ ಸೇವಂತಿಗೆ ಇಟ್ಟಳು. ಐವತ್ತೆರಡು ಡಿಗ್ರಿ.

“ಈಗ ಗೊತ್ತಾಯ್ತಾ ಸಾರ್?” ಎಂದಳು ಓಬಕ್ಕ.

“ಜನರ ನಡವಳಿಕೆಯನ್ನು ನಾವು ಲೆಕ್ಕಕ್ಕೆ ತಗೊಂಡಿರಲಿಲ್ಲ,” ಎಂದು ಡಾಕ್ಟರು ಹೂವನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಮುಂದಿನ ಸೀಟಿನಲ್ಲಿ ಕೂತರು.

ಆಮೇಲೆ ಊರುಗಳಿಲ್ಲದ ಬಯಲು, ಹಿರೇಕಟ್ಟೆಯನ್ನು ದೂರದಿಂದ ಬಳಸಿ ಬರುವ ರಸ್ತೆ. ಇಕ್ಕೆಲಗಳಲ್ಲಿ ಜಾಲಿ. ಗಾಡಿ ಎಂದೂ ಓಡದ ಹಾಗೆ ಓಡಿತು. ಎಂಬತ್ತು. ಎಂಬತ್ತೆಂಟು. ತೊಂಬತ್ತು! ಇಪ್ಪತ್ತು ನಿಮಿಷ ಕಳೆಯಿತು. ಇಪ್ಪತ್ತೆಂಟು. ಓಬಕ್ಕನ ಮೂಗಿಗೆ ಕಾದ ಕಬ್ಬಿಣದ ನವಿರಾದ ವಾಸನೆ ಬಂತು. ಗಾಡಿ ಉಳಿಯಿತು ಎಂದುಕೊಂಡಳು.

“ಇನ್ನು ಹನ್ನೆರಡೇ ನಿಮಿಷ,” ಎಂದರು ಡಾಕ್ಟರು. ಅವರ ದನಿಯೂ ಏರಿತ್ತು.

ಮುಂದೆ ಒಂದು ಬಸ್ ತಂಗುದಾಣ. ಅದರ ಹೊರಗೆ ಸುಡುವ ಬಿಸಿಲಿನಲ್ಲಿ ಒಬ್ಬ ಮುದುಕ ಟವೆಲು ಬೀಸುತ್ತಿದ್ದ. ನೆರಳಿನಲ್ಲಿ, ಸೂಜಿ, ಪಿನ್ನು, ಮಣಿಸರ ತುಂಬಿದ ಬುಟ್ಟಿಯ ಪಕ್ಕದಲ್ಲಿ, ಸೀರೆ ಮುಖದ ಮೇಲೆಳೆದು ಒಬ್ಬಳನ್ನು ಮಲಗಿಸಿತ್ತು.

ಓಬಕ್ಕನ ಕಾಲು ತಾನಾಗಿ ಸಡಿಲವಾಯಿತು.

“ಅಮ್ಮಾ, ನಿಲ್ಲಿಸಬೇಡಿ!” ಡಾಕ್ಟರು ಕೂಗಿದರು. “ಹನ್ನೆರಡು ನಿಮಿಷ ಮುಗಿಸಿ ವಾಪಸ್ಸು ಬರೋಣ. ತೀರಿಕೊಂಡವರಿಗೆ ಅವಸರ ಇರಲ್ಲ. ಈ ಗಾಡಿ ಉಳಿದರೆ ಇನ್ನು ಎಷ್ಟು ಜನಕ್ಕೆ ಆಗುತ್ತೆ, ಯೋಚನೆ ಮಾಡಿ!”

“ಸತ್ತೋಳಿಗೆ ಇಲ್ಲ ಸಾರ್. ಕೈ ಬೀಸೋನು ನಮ್ಮನ್ನ ನೋಡ್ತಾ ಅವ್ನೆ. ಈ ಗಾಡಿ ಅವನ ಮುಂದೆ ಅರವತ್ತರಾಗೆ ಹೊಂಟೋದ್ರೆ, ಹನ್ನೆರಡು ನಿಮಿಷ ಅವನೇನು ಅನ್ಕಂಡು ನಿಂತಿರ್ತಾನೆ?”

ಗಾಡಿ ನಿಂತಿತು. ಡಾಕ್ಟರು ಪರದೆಯನ್ನು ಆರಿಸಿ ಜೇಬಿಗೆ ಹಾಕಿಕೊಂಡರು.

ಮುದುಕನ ಹೆಸರು ದುರುಗಪ್ಪ. ಗಂಡ ಹೆಂಡಿರಿಬ್ಬರೂ ಊರೂರು ತಿರುಗಿ ಸೂಜಿ ಮಣಿ ಮಾರುವವರು. ಹೆಂಡತಿ ಮಾರಕ್ಕ ಮಧ್ಯಾಹ್ನ ಬಾಯಾರಿಕೆ ಎಂದಳಂತೆ, ನೀರು ತರುವಷ್ಟರಲ್ಲಿ ಇರಲಿಲ್ಲವಂತೆ. “ನಾಕು ಗಾಡಿ ಬಂದ್ವು ತಾಯಿ, ಒಂದೂ ನಿಲ್ಲಲಿಲ್ಲ. ನಮ್ಮೋರು ಈ ಕಡೆ ಯಾರೂ ಇಲ್ಲ,” ಎಂದ. ಡಾಕ್ಟರು ಅವಳ ಕಾಲಿನ ಕಡೆ ಹಿಡಿದರು. ಮಲಗಿಸಿದ ಮೇಲೆ ಕೈಯಲ್ಲಿದ್ದ ಸೇವಂತಿಗೆಯನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಿತು.

ಹೆಣ ಹೊತ್ತ ಗಾಡಿಯನ್ನು ಓಬಕ್ಕ ಎಂದೂ ಓಡಿಸಿದವಳಲ್ಲ. ತಮಟೆ ಇಲ್ಲದಿದ್ದರೂ, ಅಲ್ಲಿಂದ ತೋರಣದವರೆಗಿನ ನಾಲ್ಕು ಕಿಲೋಮೀಟರನ್ನು ತಮಟೆಯವರ ವೇಗದಲ್ಲೇ ಬಂದಳು. ಐದು ಗಂಟೆ ಐವತ್ತೈದಕ್ಕೆ ತೋರಣ ತಲುಪಿದಾಗ ಎಂಜಿನ್ನು ಮಣ್ಣಿನ ಹರವಿಯಂತೆ ತಣ್ಣಗಿತ್ತು. ರುದ್ರಭೂಮಿ ಅಲ್ಲಿಂದಾಚೆ, ಒಂದೂವರೆ ಕಿಲೋಮೀಟರಿನಲ್ಲಿ.

“ವಂದನೆಗಳು. ದೋಷಸಂಖ್ಯೆ ನೂರ ಇಪ್ಪತ್ತೆಂಟು. ಹನ್ನೆರಡನೇ ಬಾರಿ ಅನುತ್ತೀರ್ಣ. ಎಂಜಿನ್ನಿಗೆ ಬೀಗ ಹಾಕಲಾಗಿದೆ. ನಗುನಗುತ್ತ ಸಾಗಿರಿ.”

ಎಂಜಿನ್ನು ಒಮ್ಮೆ ಕೆಮ್ಮಿ ಆರಿತು.

“ಬೀಗ ತೆಗೀರಿ ಸಾರ್, ಒಳಗೆ ಹೆಣ ಐತೆ,” ಎಂದು ನಾಗಭೂಷಣ ಓಡಿಬಂದ.

“ನನಗೂ ತೆಗೆಯಕ್ಕಾಗಲ್ಲ,” ಎಂದರು ಡಾಕ್ಟರು ಸಣ್ಣ ದನಿಯಲ್ಲಿ. “ಯಾರ ಪ್ರಭಾವಕ್ಕೂ ಬಗ್ಗಬಾರದು ಅಂತ ಹಾಗೇ ಮಾಡಿದ್ದೆ. ಸಮಿತಿ ಸೇರಬೇಕು. ಮೂರು ವಾರ.”

ಹಿಂದೆ ಗಾಡಿಗಳ ಸಾಲು ಬೆಳೆಯಿತು. ಸಾಲಿನ ಮುಂದಿದ್ದುದು ಎಣ್ಣೆಮಿಲ್ಲಿನ ರಂಗಧಾಮಯ್ಯನವರ ಉದ್ದನೆಯ ಕಾರು. ಹಾರನ್ನಿನ ಮೇಲೆ ಹಾರನ್ನು. “ಏನ್ರೀ ಅದು? ಹೊತ್ತು ಮುಳುಗಾವರೆಗೂ ಇಲ್ಲೇ ಕೂರಾಣಾ?”

“ಎಂಜಿನ್ ಬಂದ್ ಆಗೈತೆ ಸಾವ್ಕಾರ್ರೇ,” ಎಂದಳು ಓಬಕ್ಕ.

“ಬಂದಾದ್ರೆ ನೂಕ್ಬೇಕಪ್ಪ! ಏಯ್, ಇಳೀರೋ ಎಲ್ಲಾ. ಬನ್ನಿ, ಕೈ ಹಾಕಿ.”

ನಮ್ಮ ಸೀಮೆಯಲ್ಲಿ ಚಟ್ಟಕ್ಕೆ ಹೆಗಲು ಯಾರು ಕೊಡಬೇಕು, ಯಾರು ಕೊಡಬಾರದು, ಯಾರು ಮುಂದೆ, ಯಾರು ದೂರ ಎಂಬುದಕ್ಕೆಲ್ಲ ಕಟ್ಟುಪಾಡುಗಳಿವೆ. ಆದರೆ ಕೆಟ್ಟು ನಿಂತ ಗಾಡಿಯನ್ನು ನೂಕುವುದಕ್ಕೆ ಯಾವ ಕಟ್ಟುಪಾಡೂ ಇಲ್ಲ. ಬಸ್ಸು ನಿಂತರೆ ಎಲ್ಲರೂ ಇಳಿಯುತ್ತಾರೆ, ಎಲ್ಲರೂ ನೂಕುತ್ತಾರೆ, ಪಕ್ಕದವನು ಯಾರೆಂದು ಯಾರೂ ಕೇಳುವುದಿಲ್ಲ. ಹಾಗೆಯೇ ಇಪ್ಪತ್ತು ಜನ ಇಳಿದು ಕೈ ಹಾಕಿದರು. “ಐಸಾ!” ಎಂದರು. ಗಾಡಿ ಅಲುಗಿತು.

ಅಲುಗಿದೊಡನೆ ತೋರಣ, ವಾಹನ ಮತ್ತೆ ತಪಾಸಣೆಗೆ ಬಂತೆಂದು ತಿಳಿದು, ಮತ್ತೊಮ್ಮೆ ನೀಲಿ ಬೆಳಕು ಚೆಲ್ಲಿತು.

“ವಂದನೆಗಳು. ಎಂಜಿನ್ ಚಾಲನೆಯಲ್ಲಿಲ್ಲ. ಬಿಸಿಯ ನಿಯಮ ಅನ್ವಯಿಸುವುದಿಲ್ಲ. ಹೊಗೆ, ಸೊನ್ನೆ. ಉತ್ತೀರ್ಣ. ರಾಜ್ಯಕ್ಕೆ ಪ್ರಥಮ ಸ್ಥಾನ. ಗುಜರಿ ಆದೇಶ ರದ್ದಾಗಿದೆ. ಬೀಗ ಮುಂದುವರಿಯಲಿದೆ. ಅಭಿನಂದನೆಗಳು.”

ನಾಗಭೂಷಣ ಬಾಯಿ ಬಿಟ್ಟುಕೊಂಡು ಕಂಡುಹಿಡಿದವರ ಮುಖ ನೋಡಿದ. ಕಂಡುಹಿಡಿದವರೂ ಬಾಯಿ ಬಿಟ್ಟುಕೊಂಡು ನಿಂತಿದ್ದರು.

ತೋರಣ ದಾಟಿದೊಡನೆ ಗಾಡಿಯನ್ನು ಪಕ್ಕಕ್ಕೆ ಬಿಟ್ಟು ಎಲ್ಲರೂ ತಂತಮ್ಮ ದಾರಿ ಹಿಡಿಯಬಹುದಿತ್ತು. ರಂಗಧಾಮಯ್ಯನವರು ಕೈ ಒರೆಸಿಕೊಳ್ಳಲು ತಿರುಗಿದಾಗ ಗಾಜಿನೊಳಗೆ ಸೇವಂತಿಗೆ ಹೊತ್ತು ಮಲಗಿದ್ದವಳನ್ನೂ, ಅವಳ ಕಾಲ ಬಳಿ ಬುಟ್ಟಿ ಹಿಡಿದು ಕೂತಿದ್ದ ದುರುಗಪ್ಪನನ್ನೂ ಕಂಡರು. “ಯಾರೀಕೆ? ಹಿಂದೆ ಮುಂದೆ ಯಾರೂ ಇಲ್ವಾ?” ಎಂದರು. ಓಬಕ್ಕ ಇಲ್ಲವೆಂದು ತಲೆಯಾಡಿಸಿದಳು. ಅವರು ಕಾರಿನ ಬೀಗದಕೈಯನ್ನು ನಾಗಭೂಷಣನಿಗೆ ಕೊಟ್ಟು, ಚಪ್ಪಲಿ ಬಿಟ್ಟು, ಮತ್ತೆ ಗಾಡಿಗೆ ಕೈ ಹಚ್ಚಿದರು. ಈ ಸಲ ಯಾರೂ “ಐಸಾ” ಅನ್ನಲಿಲ್ಲ. ಹಿಂದಿನ ಇಪ್ಪತ್ತು ಜನ ಐವತ್ತಾದರು. ಯಾರೂ ಇಲ್ಲದ ಮಾರಕ್ಕ ಹಿರೇಕಟ್ಟೆ ಇತ್ತೀಚೆಗೆ ಕಂಡಿರದಷ್ಟು ದೊಡ್ಡ ಮೆರವಣಿಗೆಯಲ್ಲಿ ಹೋದಳು.

ಗಾಡಿ ಬಂದಂದಿನಿಂದ ಜನ ಸ್ಮಶಾನಕ್ಕೆ ಹೋಗುವುದನ್ನೇ ಬಿಟ್ಟಿದ್ದರು. ಸತ್ತವರನ್ನು ಹತ್ತಿಸಿ, ಬಾಗಿಲಲ್ಲೇ ಕೈಮುಗಿದು ಒಳಗೆ ಹೋಗುವುದು ರೂಢಿಯಾಗಿತ್ತು. ಈಗ ಗಾಡಿ ಹೋಗಬೇಕಾದರೆ ಜನ ಬೇಕು. ಮೂರು ವಾರದಲ್ಲಿ ಐದು ಸಾವಾದವು. ಒಂದೊಂದು ಊರಿನವರೂ ತಮ್ಮ ಗಡಿಕಲ್ಲಿನವರೆಗೆ ನೂಕುವುದು, ಅಲ್ಲಿಂದ ಮುಂದಿನ ಊರಿನವರು ಕೈ ಕೊಡುವುದು ಎಂದಾಯಿತು. ನಡುವೆ ಯಾರೋ ಬುದ್ಧಿವಂತರು ಎತ್ತು ಕಟ್ಟಿ ನೋಡಿದರು. ತೋರಣ ಎತ್ತುಗಳನ್ನು ಮೂಸಿ, ಅವುಗಳ ತೇಗಿನಲ್ಲಿ ದೋಷ ಕಂಡು, ಎರಡನ್ನೂ ಅನುತ್ತೀರ್ಣ ಮಾಡಿತು. ಮನುಷ್ಯರನ್ನು ಮೂಸಲು ಅದಕ್ಕೆ ಯಾರೂ ಹೇಳಿರಲಿಲ್ಲ.

ದುರುಗಪ್ಪ ಊರು ಬಿಟ್ಟು ಹೋಗಲಿಲ್ಲ. ಹೆಂಡತಿ ಇಲ್ಲಿಯ ಮಣ್ಣಿನಲ್ಲಿದ್ದಳು. ತಂಗುದಾಣದಂಥ ಒಂದು ಮೂಲೆಯನ್ನು ನಾಗಭೂಷಣ ತೋರಣದ ಹಿಂದೆ ಅವನಿಗೆ ಬಿಟ್ಟುಕೊಟ್ಟ. ಗಾಡಿ ಹೊರಟಾಗಲೆಲ್ಲ ಮುದುಕ ಬಂದು ಎಡಗಡೆಯ ಹಿಂದಿನ ಮೂಲೆಗೆ ಕೈ ಹಚ್ಚುತ್ತಿದ್ದ.

ಮೂರು ವಾರ ಕಳೆದು ಡಾಕ್ಟರ್ ಶ್ರೀವತ್ಸ ಸಮಿತಿಯ ಆದೇಶ ಹಿಡಿದು ಬಂದಾಗ ರಂಗಧಾಮಯ್ಯನವರ ತಾಯಿ ತೀರಿಕೊಂಡಿದ್ದರು. ಮಿಲ್ಲಿನ ಬಾಗಿಲಿನಿಂದ ರುದ್ರಭೂಮಿಯವರೆಗೆ ಜನವೋ ಜನ. ಡಾಕ್ಟರು ಚಪ್ಪಲಿ ಬಿಟ್ಟು, ತೋಳು ಮಡಿಸಿ, ಜಾಗ ಸಿಕ್ಕಲ್ಲಿ ಕೈ ಹಚ್ಚಿದರು. ಎಲ್ಲ ಮುಗಿದ ಮೇಲೆ ಓಬಕ್ಕನ ಹತ್ತಿರ ಬಂದು ಆದೇಶ ಕೊಟ್ಟರು.

“ಮುಕ್ತಿವಾಹನಗಳಿಗೆ ಬಿಸಿಯಾತ್ರೆಯಿಂದ ವಿನಾಯಿತಿ. ಈಗಲೇ ಬೀಗ ತೆಗೀತೀನಿ. ಇನ್ನು ಯಾರೂ ನೂಕಬೇಕಾಗಿಲ್ಲ.”

ಓಬಕ್ಕ ಕಾಗದವನ್ನು ಎರಡು ಸಲ ಓದಿದಳು. “ತೆಗೀರಿ ಸಾರ್. ದೂರದ ಊರಿಗೆ ಖಾಲಿ ಗಾಡಿ ಹೋಗಾಕೆ ಎಂಜಿನ್ ಬೇಕು. ಆದ್ರೆ ಒಳಗೆ ಮಲಗಿಸಿದ ಮ್ಯಾಲೆ ನಾ ಆರಿಸಿಬಿಡ್ತೀನಿ.”

“ಹಾಗೆ ಮಾಡಿದರೆ ಎಂಜಿನ್ ಎಂದೂ ಪೂರ್ತಿ ಬಿಸಿಯಾಗಲ್ಲ. ನೂರ ಇಪ್ಪತ್ತೆಂಟು ಬರ್ತಾನೇ ಇರುತ್ತೆ.”

“ಬರ್ಲಿ ಬಿಡಿ.”

“ನಗುನಗುತ್ತ ಸಾಗಿರಿ,” ಎಂದು ಡಾಕ್ಟರು ತೋರಣದ ದನಿಯಲ್ಲಿ ಹೇಳಿ ತಾವೇ ನಕ್ಕರು.

ಜನ ಒಬ್ಬೊಬ್ಬರಾಗಿ ನಲ್ಲಿಯಲ್ಲಿ ಕೈಕಾಲು ತೊಳೆದು ಹೊರಡುತ್ತಿದ್ದರು. ರಂಗಧಾಮಯ್ಯನವರು ಮಾತ್ರ ಬೇವಿನ ಮರದ ಬುಡದಲ್ಲಿ ಕೂತೇ ಇದ್ದರು. ಬೆಳಗಿನಿಂದ ಬಾಯಿಗೆ ಏನೂ ಹಾಕಿರಲಿಲ್ಲ. ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ನೆಂಟರೆಲ್ಲ ಅವರ ಅಂತಸ್ತಿಗೆ ಅಂಜಿ, ಊಟ ಮಾಡಿ ಎನ್ನಲು ಬಾಯಿ ಬಾರದೆ, ದೂರದಲ್ಲೇ ನಿಂತಿದ್ದರು.

ದುರುಗಪ್ಪ ಕೈ ತೊಳೆದು ಬಂದು ಅವರ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತ. ಟವೆಲಿನ ಗಂಟು ಬಿಚ್ಚಿದ. ಮುತ್ತುಗದ ಎಲೆಯಲ್ಲಿ ಒಂದು ಮುದ್ದೆ, ಸ್ವಲ್ಪ ಹುರುಳಿಕಾಳು, ಒಂದು ಈರುಳ್ಳಿ. ಎಲೆಯನ್ನು ಎರಡೂ ಕೈಯಲ್ಲಿ ಎತ್ತಿ ಮುಂದೆ ಹಿಡಿದ. ರಂಗಧಾಮಯ್ಯನವರು ತಲೆ ಎತ್ತಿ ಆ ಮುಖವನ್ನು ನೋಡಿದರು. ಆಮೇಲೆ ತಮ್ಮ ಎರಡೂ ಕೈಗಳನ್ನು ಚಾಚಿದರು.